ಪಾಸ್‌ವರ್ಡ್ ಸರಿ ಇದ್ದರೂ ಲಾಗಿನ್ ಪರದೆಗೇ ವಾಪಸ್: ಫೇಲ್‌ಸೇಫ್ ಸೆಷನ್ನಿನಲ್ಲಿ ತಪ್ಪು ಹಿಡಿಯುವುದು

ಮೈಸೂರು, ಮಂಡ್ಯ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಹಳೇ ಡೆಸ್ಕ್‌ಟಾಪಿಗೆ ಕ್ಸುಬುಂಟು (ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಉಬುಂಟು ಲಿನಕ್ಸ್) ಹಾಕಿಕೊಂಡವರಿಗಾಗಿ ಈ ಬರಹ. ಪಾಸ್‌ವರ್ಡ್ ಹೊಡೆದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. ಪಕ್ಕದಲ್ಲಿದ್ದವರು "ಫಾರ್ಮ್ಯಾಟ್ ಹೊಡೆದುಬಿಡಿ ಸಾರ್" ಅನ್ನುತ್ತಾರೆ. ಅವರ ಮಾತು ಕೇಳಬೇಡಿ. ಸಾಮಾನ್ಯವಾಗಿ ಹೋಮ್ ಫೋಲ್ಡರಿನ ಯಾವುದೋ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಕೆಟ್ಟಿರುತ್ತದೆ, ಅಷ್ಟೇ. ಆದೇಶಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ. ~ ಗುರುತು ಅಂದರೆ ನಿಮ್ಮ ಹೋಮ್ ಫೋಲ್ಡರ್.

ಫೇಲ್‌ಸೇಫ್ ಸೆಷನ್ ಅಂದರೆ ಡೆಸ್ಕ್‌ಟಾಪ್ ಇಲ್ಲದೆ ಬರೀ ಒಂದು ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯುವ ಸೆಷನ್. ಈಗಿನ ಲಾಗಿನ್ ಮೆನುವಿನಲ್ಲಿ ಅದು ಇರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಒಳಗೇ ಹೋಗಲಾಗದಿದ್ದರೆ ಕಂಟ್ರೋಲ್+ಆಲ್ಟ್+ಎಫ್3 ಒತ್ತಿದಾಗ ಬರುವ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ ಈ ಕೆಲಸ ಮಾಡಿ. ಮೊದಲು ಎಕ್ಸ್‌ಟರ್ಮ್ ಎಂಬ ಸರಳ ಟರ್ಮಿನಲ್ ಹಾಕಿಕೊಳ್ಳಿ. ಆಮೇಲೆ /ಯುಎಸ್‌ಆರ್/ಶೇರ್/ಎಕ್ಸ್‌ಸೆಷನ್ಸ್ ಒಳಗೆ ಡಾಟ್ ಡೆಸ್ಕ್‌ಟಾಪ್ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಡೆಸ್ಕ್‌ಟಾಪ್ ಎಂಟ್ರಿ, ಕೆಳಗೆ ನೇಮ್=ತುರ್ತು, ಎಕ್ಸೆಕ್=ಎಕ್ಸ್‌ಟರ್ಮ್, ಟೈಪ್=ಅಪ್ಲಿಕೇಶನ್. ಅಷ್ಟು ಸಾಕು. ಲಾಗಿನ್ ಮೆನುವಿನಲ್ಲಿ ತುರ್ತು ಆರಿಸಿ ಒಳಗೆ ಹೋದಾಗ ಕಿಟಕಿಗಳನ್ನು ನೋಡಿಕೊಳ್ಳುವ ವಿಂಡೋ ಮ್ಯಾನೇಜರ್ ಇರುವುದಿಲ್ಲ, ಹಾಗಾಗಿ ಮೌಸ್ ಬಾಣ ಆ ಚಿಕ್ಕ ಬಿಳಿ ಚೌಕದ ಮೇಲೆ ಇದ್ದರೆ ಮಾತ್ರ ಕೀಬೋರ್ಡ್ ಕೆಲಸ ಮಾಡುತ್ತದೆ. ಹ್ಯಾಂಗ್ ಆಯಿತು ಅಂದುಕೊಂಡು ಇಲ್ಲೇ ಪವರ್ ಬಟನ್ ಒತ್ತುವವರು ಇದ್ದಾರೆ. ಹೊರಗೆ ಬರಲು ಎಕ್ಸಿಟ್.

ಈ ಸೆಷನ್ ಬಗ್ಗೆ ಮುಖ್ಯವಾಗಿ ತಿಳಿದಿರಬೇಕಾದ್ದು ಒಂದಿದೆ. ಇದು ಡೆಸ್ಕ್‌ಟಾಪನ್ನು ಬಿಟ್ಟುಬಿಡುತ್ತದೆಯೇ ಹೊರತು ಅದಕ್ಕೂ ಮುಂಚೆ ಓಡುವ ಸ್ಕ್ರಿಪ್ಟುಗಳನ್ನು ಬಿಡುವುದಿಲ್ಲ. ಲಾಗಿನ್ ಪರದೆ ತೋರಿಸುವ ಪ್ರೋಗ್ರಾಂ, ಅಂದರೆ ಉಬುಂಟುವಿನ ಲೈಟ್‌ಡಿಎಂ, ಮೊದಲು ~/.ಪ್ರೊಫೈಲ್ ಓದುತ್ತದೆ, ಆಮೇಲೆ ~/.ಎಕ್ಸ್‌ಪ್ರೊಫೈಲ್, ಅದಾದ ಮೇಲೆ /ಇಟಿಸಿ/ಎಕ್ಸ್11/ಎಕ್ಸ್‌ಸೆಷನ್.ಡಿ ಒಳಗಿನವು ಸಂಖ್ಯೆಯ ಕ್ರಮದಲ್ಲಿ ಬರುತ್ತವೆ. 40ನೇ ಸಂಖ್ಯೆಯ ಫೈಲು ~/.ಎಕ್ಸ್‌ಸೆಷನ್‌ಆರ್‌ಸಿ ಓದಿಸುತ್ತದೆ. ನಮ್ಮ ತುರ್ತು ಸೆಷನ್ನಿಗೂ ಇದೇ ದಾರಿ. ಹಾಗಾಗಿ ತುರ್ತು ಸೆಷನ್ ತೆರೆದುಕೊಂಡು ಮಾಮೂಲಿ ಸೆಷನ್ ಮಾತ್ರ ಬೀಳುತ್ತಿದ್ದರೆ ತಪ್ಪು ಎಕ್ಸ್‌ಎಫ್‌ಸಿಇ ಕಡೆಯದು. ಎರಡೂ ಬೀಳುತ್ತಿದ್ದರೆ ಈ ಸ್ಕ್ರಿಪ್ಟುಗಳನ್ನೇ ಹಿಡಿಯಬೇಕು.

ಎರಡೂ ಬಿದ್ದಾಗ ಕಂಟ್ರೋಲ್+ಆಲ್ಟ್+ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ. ಅಲ್ಲಿ ಸರಾಗವಾಗಿ ಒಳಗೆ ಹೋಗಬಹುದು, "ಹಾಗಾದರೆ ಪ್ರೊಫೈಲ್ ಸರಿಯಾಗೇ ಇದೆ" ಅನ್ನಿಸಬಹುದು. ಆ ತೀರ್ಮಾನ ತಪ್ಪು. ಆದೇಶಗಳನ್ನು ಓದಿ ಓಡಿಸುವ ಪ್ರೋಗ್ರಾಮಿಗೆ ಶೆಲ್ ಅನ್ನುತ್ತಾರೆ. ಕಪ್ಪು ಪರದೆಯಲ್ಲಿ ಆ ಫೈಲನ್ನು ಓದುವುದು ಬ್ಯಾಶ್ ಎಂಬ ಶೆಲ್. ಲೈಟ್‌ಡಿಎಂ ಓದಿಸುವುದು /ಬಿನ್/ಎಸ್‌ಎಚ್‌ನಿಂದ, ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ ಅದು ಡ್ಯಾಶ್ ಎಂಬ ಇನ್ನೊಂದು ಶೆಲ್. ಜೋಡಿ ಚೌಕ ಆವರಣದ ಷರತ್ತು, ಅರೇ, ಸೋರ್ಸ್ ಅನ್ನುವ ಆದೇಶ, ಇವೆಲ್ಲ ಬ್ಯಾಶ್‌ಗೆ ಸರಿ, ಡ್ಯಾಶ್‌ಗೆ ಗೊತ್ತೇ ಇಲ್ಲ. ಇನ್ನೂ ಕೆಟ್ಟದ್ದು: ಒಂಟಿ ಚುಕ್ಕಿ ಹಾಕಿ ಇಲ್ಲದ ಫೈಲನ್ನು ಓದಿಸಿದರೆ ಬ್ಯಾಶ್ ಗೊಣಗಿ ಮುಂದೆ ಹೋಗುತ್ತದೆ, ಡ್ಯಾಶ್ ಅಲ್ಲೇ ಮುಗಿಸಿಬಿಡುತ್ತದೆ. ಅದರ ಜೊತೆ ಸೆಷನ್ನೂ ಹೋಯಿತು. ಯಾವುದೋ ಸಾಫ್ಟ್‌ವೇರ್ ತೆಗೆದ ಮಾರನೇ ದಿನ ಲಾಗಿನ್ ಕೈಕೊಡುವುದು ಹೀಗೇ: ಫೈಲ್ ಹೋಗಿದೆ, ಅದನ್ನು ಕರೆಯುವ ಸಾಲು ಉಳಿದಿದೆ. ಆ ಸಾಲನ್ನು ಇಫ್ ಮತ್ತು -ಎಫ್ ಪರೀಕ್ಷೆಯೊಳಗೆ ಹಾಕಿ, ಇಲ್ಲವೇ ಅಳಿಸಿ.

ಪರೀಕ್ಷೆ ಡ್ಯಾಶ್‌ನಲ್ಲೇ ಆಗಬೇಕು. ಡ್ಯಾಶ್ -ಎನ್ ~/.ಪ್ರೊಫೈಲ್ ಎಂದರೆ ವಾಕ್ಯರಚನೆ ಮಾತ್ರ ನೋಡುತ್ತದೆ, ಏನನ್ನೂ ಓಡಿಸುವುದಿಲ್ಲ. ಅದು ಸುಮ್ಮನಿದ್ದರೆ ಡ್ಯಾಶ್ -ಎಕ್ಸ್ ~/.ಪ್ರೊಫೈಲ್. ಓಡಿಸಿದ ಪ್ರತಿ ಆದೇಶವೂ + ಗುರುತಿನೊಂದಿಗೆ ಬರುತ್ತದೆ. ಕೊನೆಯ + ಸಾಲು ಫೈಲಿನ ಮಧ್ಯದಲ್ಲೇ ನಿಂತಿದ್ದರೆ ಅಲ್ಲೇ ನೋಡಿ. ವಿಂಡೋಸ್‌ನಲ್ಲಿ ತಿದ್ದಿ ತಂದ ಫೈಲಾದರೆ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿರುತ್ತದೆ. ಫೈಲ್ ~/.ಪ್ರೊಫೈಲ್ ಎಂದು ಕೇಳಿದರೆ ಸಿಆರ್‌ಎಲ್‌ಎಫ್ ಎಂದು ಹೇಳುತ್ತದೆ.

ನಮ್ಮ ಕಡೆ ಹೆಚ್ಚು ಕಾಡುವುದು ಕನ್ನಡ ಟೈಪಿಂಗ್‌ಗಾಗಿ ಸೇರಿಸಿದ ಸಾಲು. ಕನ್ನಡ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನ ಹಿನ್ನೆಲೆ ಪ್ರೋಗ್ರಾಂ (ಡೀಮನ್) ಓಡಿಸಲು ಐಬಸ್-ಡೀಮನ್ ಎಂದಷ್ಟೇ ಬರೆದು -ಡಿ ಆಗಲಿ ಕೊನೆಗೆ & ಆಗಲಿ ಹಾಕದಿದ್ದರೆ, ಅದು ಮುಗಿಯುವ ತನಕ ಸ್ಕ್ರಿಪ್ಟ್ ಕಾಯುತ್ತದೆ. ಡೀಮನ್ ಮುಗಿಯುವುದೇ ಇಲ್ಲ. ಲಾಗಿನ್‌ಗೆ ವಾಪಸ್ಸೂ ಬರುವುದಿಲ್ಲ, ಖಾಲಿ ಪರದೆ ಹಾಗೇ ನಿಂತಿರುತ್ತದೆ. ನನ್ನ ಪ್ರಕಾರ ಆ ಸಾಲನ್ನು ರಿಪೇರಿ ಮಾಡುವುದೇ ದಂಡ. ಕಿತ್ತುಹಾಕಿ ಐಎಂ-ಕಾನ್ಫಿಗ್ -ಎನ್ ಐಬಸ್ ಹೊಡೆಯಿರಿ, ~/.ಎಕ್ಸ್‌ಇನ್‌ಪುಟ್‌ಆರ್‌ಸಿ ತಾನೇ ಬರೆದುಕೊಳ್ಳುತ್ತದೆ, ಉಳಿದದ್ದನ್ನು ಸಿಸ್ಟಮ್ಮಿನ ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಬೇಕಾದವರಿಗೆ ಐಬಸ್-ಎಂ17ಎನ್ ಪ್ಯಾಕೇಜಿನಲ್ಲಿ ಸಿಗುತ್ತದೆ.

ಆದೇಶಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಎಂದು ಹೇಳುವುದು ಪಾಥ್. ಪ್ರೊಫೈಲ್‌ನಲ್ಲಿ ಪಾಥ್=$ಹೋಮ್/ಬಿನ್ ಎಂದು ಬರೆದು ಹಳೇ ಪಾಥ್ ಸೇರಿಸುವುದು ಮರೆತಿದ್ದರೆ ಎಲ್‌ಎಸ್ ಕೂಡ ಸಿಗುವುದಿಲ್ಲ. /ಯುಎಸ್‌ಆರ್/ಬಿನ್/ನ್ಯಾನೋ ಎಂದು ಪೂರ್ತಿ ದಾರಿ ಕೊಟ್ಟು ತೆರೆದು ತಿದ್ದಿ.

ತಪ್ಪು ಎಕ್ಸ್‌ಎಫ್‌ಸಿಇ ಕಡೆ ಎಂದು ಗೊತ್ತಾದರೆ ದಾರಿ ಬೇರೆ. ಉಳಿಸಿಟ್ಟ ಸೆಷನ್ ಇಲ್ಲದಾಗ ಓಡಿಸಬೇಕಾದ ಪ್ರೋಗ್ರಾಂಗಳ ತನ್ನದೇ ಫೇಲ್‌ಸೇಫ್ ಪಟ್ಟಿ ಅದಕ್ಕಿದೆ: ಎಕ್ಸ್‌ಎಫ್‌ಡಬ್ಲ್ಯುಎಂ4, ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ, ಪ್ಯಾನೆಲ್, ಥುನಾರ್, ಎಕ್ಸ್‌ಎಫ್‌ಡೆಸ್ಕ್‌ಟಾಪ್, ಒಟ್ಟು 5. "ಫೇಲ್‌ಸೇಫ್ ಸೆಷನ್ ಲೋಡ್ ಮಾಡಲಾಗಲಿಲ್ಲ" ಎಂಬ ಸಂದೇಶ ಬಂದರೆ ಆ ಪಟ್ಟಿಯೇ ಸಿಕ್ಕಿಲ್ಲ ಎಂದರ್ಥ. ಸಾಮಾನ್ಯವಾಗಿ ಎಕ್ಸ್‌ಎಫ್‌ಕಾನ್ಫ್‌ಡಿ (ಎಕ್ಸ್‌ಎಫ್‌ಸಿಇ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಡೀಮನ್) ಓಡುತ್ತಿಲ್ಲ, ಇಲ್ಲವೇ ಎಕ್ಸ್‌ಡಿಜಿ_ಕಾನ್ಫಿಗ್_ಡಿರ್ಸ್ ಚರಾಂಶದಲ್ಲಿ /ಇಟಿಸಿ/ಎಕ್ಸ್‌ಡಿಜಿ ಬಿಟ್ಟುಹೋಗಿದೆ. ಎರಡನೆಯದಾದರೆ ಮತ್ತೆ .ಪ್ರೊಫೈಲ್‌ನಲ್ಲೇ ಹುಡುಕಿ. ಉಳಿಸಿಟ್ಟ ಸೆಷನ್ ಕೆಟ್ಟಿರಬಹುದು ಎಂಬ ಅನುಮಾನವಿದ್ದರೆ ~/.ಕ್ಯಾಶ್/ಸೆಷನ್ಸ್ ಫೋಲ್ಡರಿನ ಹೆಸರು ಬದಲಿಸಿ, ಅಳಿಸಬೇಡಿ. ಎಕ್ಸ್‌ಎಫ್‌ಸಿಇ ಸೆಟ್ಟಿಂಗುಗಳ ಎಕ್ಸ್‌ಎಂಎಲ್ ಫೈಲುಗಳನ್ನು ತಿದ್ದುವುದಿದ್ದರೆ ಡೆಸ್ಕ್‌ಟಾಪಿನಿಂದ ಲಾಗ್‌ಔಟ್ ಆಗಿಯೇ ತಿದ್ದಿ. ಓಡುತ್ತಿರುವ ಎಕ್ಸ್‌ಎಫ್‌ಕಾನ್ಫ್‌ಡಿ ತನ್ನ ನೆನಪಿನಲ್ಲಿದ್ದದ್ದನ್ನೇ ಮೇಲೆ ಬರೆದುಬಿಡಬಹುದು.

ಇವೆಲ್ಲಕ್ಕೂ ಮುಂಚೆ ಎರಡು ನಿಮಿಷದ ಕೆಲಸ: ಡಿಎಫ್ -ಎಚ್ ಹೊಡೆದು ಡಿಸ್ಕ್ ತುಂಬಿದೆಯೇ ನೋಡಿ, ಎಲ್‌ಎಸ್ -ಎಲ್ ~/.ಎಕ್ಸ್‌ಅಥಾರಿಟಿ ಹೊಡೆದು ಮಾಲೀಕರ ಜಾಗದಲ್ಲಿ ನಿಮ್ಮ ಹೆಸರಿನ ಬದಲು ರೂಟ್ (ಸಿಸ್ಟಮ್ಮಿನ ಆಡಳಿತ ಖಾತೆ) ಕೂತಿದೆಯೇ ನೋಡಿ. ಸುಡೋ ಹಾಕಿ ಸ್ಟಾರ್ಟ್‌ಎಕ್ಸ್ ಹೊಡೆದವರ ಮನೆಯಲ್ಲಿ ಇದು ಮಾಮೂಲು, ಸಿಎಚ್‌ಓನ್‌ನಿಂದ ಮಾಲೀಕರ ಹೆಸರು ಬದಲಿಸಿದರೆ ಮುಗಿಯಿತು. ಮತ್ತೆ ಮತ್ತೆ ಲಾಗಿನ್ ಪ್ರಯತ್ನಿಸುವ ಮುಂಚೆ ~/.ಎಕ್ಸ್‌ಸೆಷನ್-ಎರರ್ಸ್ ಫೈಲನ್ನು ಬೇರೆ ಹೆಸರಿಗೆ ನಕಲು ಮಾಡಿಕೊಳ್ಳಿ. ಹಿಂದಿನ ಒಂದು ಸಲದ್ದು ಮಾತ್ರ ಓಲ್ಡ್ ಎಂಬ ಬಾಲದೊಂದಿಗೆ ಉಳಿಯುತ್ತದೆ, ಅದಕ್ಕಿಂತ ಹಿಂದಿನದು ಸಿಗುವುದಿಲ್ಲ.