ಪೇಡಾ ಮಾಡಿದ ತಪ್ಪೇನು?

ಶನಿವಾರ, 14 ಜೂನ್ 2025
ಸಪ್ತಾಪುರ, ಧಾರವಾಡ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹಗ್ಗದ ಮೇಲಿನ ಬಟ್ಟೆ ಎರಡು ದಿನದಿಂದ ಒಣಗಿಲ್ಲ. ನಾನು ನಿನ್ನೆಯ ಅವಮಾನವನ್ನು ಮೆಲುಕು ಹಾಕುತ್ತಾ ಕೂತಿದ್ದೇನೆ.

ನಿನ್ನೆ ಕೋಚಿಂಗ್‌ನಲ್ಲಿ ಮಾಕ್ ಇಂಟರ್‌ವ್ಯೂ ಇತ್ತು. ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅಂದರು. ನನ್ನದು ಹಾನಗಲ್ ಕಡೆಯ ಹಳ್ಳಿ. ಅದರ ಬಗ್ಗೆ ಏನೂ ಹೊಳೆಯಲಿಲ್ಲ, ಧಾರವಾಡವನ್ನೇ ಹಿಡಿದುಕೊಂಡೆ. ‘ಫೇಮಸ್’ ಅಂದರೆ ಸಾಕಿತ್ತು. ಆದರೆ ಅದು ಹೈಸ್ಕೂಲ್ ಹುಡುಗರ ಪದ ಅಲ್ವಾ? ಹಿಂದಿನ ವಾರವಷ್ಟೇ ಬಾಯಿಪಾಠ ಮಾಡಿದ ದೊಡ್ಡ ಪದ ಎತ್ತಿ ಒಗೆದೆ: ‘ಧಾರವಾಡ್ ಈಸ್ ನೊಟೋರಿಯಸ್ ಫಾರ್ ಪೇಡಾ.’

ಸರ್ ಪೆನ್ನು ಕೆಳಗಿಟ್ಟರು. “ಯಾಕವಾ, ಪೇಡಾ ಯಾರದರ ಕಿಸೆ ಕತ್ತರಿಸೈತೇನು?”

ಇಡೀ ಬ್ಯಾಚ್ ನಕ್ಕಿತು. ಗದಗಿನ ನನ್ನ ರೂಮ್‌ಮೇಟ್ ಎಲ್ಲರಿಗಿಂತ ಜಾಸ್ತಿ.

ನನ್ನ ನೋಟ್‌ಬುಕ್ಕಿನಲ್ಲಿ ಆ ಪದದ ಮುಂದೆ ‘ಹೆಸರಾದ’ ಎಂದಷ್ಟೇ ಇತ್ತು. ಯಾವುದಕ್ಕೆ ಹೆಸರಾದ ಅಂತ ಬರೆದುಕೊಂಡಿರಲಿಲ್ಲ. ಕಳ್ಳತನಕ್ಕೋ ಮೋಸಕ್ಕೋ ಹೆಸರಾದವರಿಗೆ ಅದು ಸಲ್ಲುತ್ತದೆ. ಇವತ್ತು ವಾಚನಾಲಯದ ದಪ್ಪ ಡಿಕ್ಷನರಿ ತೆಗೆದು ನೋಡಿದೆ. ಲ್ಯಾಟಿನ್ ಮೂಲದಲ್ಲಿ ಸುಮ್ನೆ ‘ಗೊತ್ತಿರುವ’ ಎಂದೇ ಅರ್ಥ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಒಳ್ಳೆಯದಕ್ಕೂ ಅದನ್ನು ಬಳಸಿದ್ದುಂಟಂತೆ. ಅಂದರೆ ನಾನು ನಾಲ್ಕು ನೂರು ವರ್ಷ ತಡವಾಗಿ ಹುಟ್ಟಿದೆ, ಅಷ್ಟೇ!

ದಿನಕ್ಕೆ ಐವತ್ತು ಪದ ಉರು ಹೊಡೆಯುವುದನ್ನು ಇವತ್ತಿಗೆ ಬಿಟ್ಟೆ. ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಪಂಡಿತ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಬಹುಪಾಲು ಮರೆವು ಮೊದಲ ದಿನವೇ ಆಗಿಹೋಗುತ್ತದೆ. ಅವನಿಗೆ ಬೇಕಂತಲೇ ಅರ್ಥ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಅರ್ಥ ಇದ್ದೂ ಇಲ್ಲದ ಹಾಗಿತ್ತು.

ಈಗ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದ್ದೇನೆ. ಮುಂದೆ ಪದ, ಹಿಂದೆ ಪದ ಕೂತಿರುವ ಒಂದು ಪೂರ್ತಿ ವಾಕ್ಯ, ಅದರ ಕೆಳಗೆ ನನಗೆ ನೆನಪಾಗುವ ಏನಾದರೊಂದು. ಖಾಲಿ ಪೇಡಾ ಡಬ್ಬಿಯಲ್ಲಿ ರಟ್ಟು ಇಟ್ಟು ಮೂರು ಖಾನೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲಿಗೆ. ಮೊದಲ ಖಾನೆ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಕೊನೆಯದು ವಾರಕ್ಕೊಮ್ಮೆ. ಡಬ್ಬಿ ಪೇಡಾದ್ದೇ ಆಗಬೇಕಿತ್ತಾ ಅಂತ ರೂಮ್‌ಮೇಟ್ ಕೇಳಿದಳು. ಬೇರೆ ಡಬ್ಬಿ ಇರಲಿಲ್ಲ.

ಇವತ್ತು ಹತ್ತೇ ಪದ. ‘ಪ್ರೊಕ್ರಾಸ್ಟಿನೇಟ್’ ಎಷ್ಟು ಸಲ ಓದಿದರೂ ನಾಲಿಗೆಗೆ ಒಗ್ಗಿರಲಿಲ್ಲ. ಲ್ಯಾಟಿನ್‌ನಲ್ಲಿ ‘ಕ್ರಾಸ್’ ಅಂದರೆ ನಾಳೆ. ಕೆಲಸವನ್ನು ನಾಳೆಗೆ ತಳ್ಳುವುದು. ತಕ್ಷಣ ನಮ್ಮಜ್ಜಿ ಹೇಳುತ್ತಿದ್ದ ಬಾಗಿಲ ಬರಹ ನೆನಪಾಯಿತು: ‘ನಾಳೆ ಬಾ’. ದೆವ್ವ ದಿನಾ ಬಂದು, ಓದಿ, ವಾಪಸ್ ಹೋಗುತ್ತಿತ್ತಂತೆ. ಅಷ್ಟು ಶಿಸ್ತಿನಿಂದ ಕೆಲಸ ಮುಂದೂಡಿದ ದೆವ್ವ ಬೇರೆಲ್ಲಿ ಸಿಗಬೇಕು? ಆ ಪದ ಇನ್ನು ಮರೆಯಲಿಕ್ಕಿಲ್ಲ.

ಸಂಜೆ ಅವ್ವನ ಫೋನು. “ಉಂಡಿಯೇನು? ಗ್ಯಾಸ್ ಬಂದ್ ಮಾಡಿಯೇನು? ಮತ್ತೊಮ್ಮೆ ನೋಡಿ ಬಾ.” ಬಂದ್ ಆಗಿದೆ ಅಂದರೂ ಕೇಳಲಿಲ್ಲ. ಎದ್ದು ಹೋಗಿ, ನೋಡಿ ಬಂದು ಹೇಳಿದ ಮೇಲೆಯೇ ಫೋನ್ ಇಟ್ಟಳು.

ಹತ್ತನೆಯ ಚೀಟಿ ‘ಮೆಟಿಕ್ಯುಲಸ್’. ಸಣ್ಣಸಣ್ಣದನ್ನೂ ಬಿಡದೆ ನೋಡುವವರು. ಅದರ ಬೇರು ಲ್ಯಾಟಿನ್ನಿನ ‘ಮೆಟುಸ್’, ಅಂದರೆ ಭಯ. ಮೊದಲು ಆ ಪದಕ್ಕೆ ‘ಹೆದರಿದ’ ಎಂದೇ ಅರ್ಥವಿತ್ತಂತೆ. ಚೀಟಿಯ ಹಿಂದೆ ಬರೆದೆ: ಅವ್ವ, ಗ್ಯಾಸ್.