ಜೈಸಲ್ಮೇರಿನಾಚೆ, ದಿಕ್ಕಿಗೊಂದು ದಾರಿ

ಜೈಸಲ್ಮೇರಿಗೆ ಹೋದವರಲ್ಲಿ ಹೆಚ್ಚಿನವರು ಕೋಟೆ ಹತ್ತಿ ಇಳಿದು, ಹವೇಲಿಗಳ ಮುಂದೆ ಫೋಟೊ ತೆಗೆಸಿಕೊಂಡು, ಸಂಜೆ ಸಮ್ ಎಂಬಲ್ಲಿನ ಮರಳುದಿಬ್ಬದ ಮೇಲೆ ಒಂಟೆ ಸವಾರಿ ಮುಗಿಸಿ ಮರುದಿನ ರೈಲು ಹತ್ತುತ್ತಾರೆ. ನಾವು ಊರೊಳಗೇ ಕೋಣೆ ಹಿಡಿದು, ಬೆಳಗಾದರೆ ಒಂದೊಂದು ದಿಕ್ಕಿಗೆ ಹೊರಟು ಕತ್ತಲಾಗುವಷ್ಟರಲ್ಲಿ ಮರಳುವ ಯೋಜನೆ ಹಾಕಿಕೊಂಡೆವು. ಥಾರ್ ಎಂದರೆ ಕಣ್ಣು ಹಾಯುವವರೆಗೂ ಮರಳು ಎಂದು ಮನಸ್ಸಿನಲ್ಲಿದ್ದ ಚಿತ್ರ ಮೊದಲ ದಿನವೇ ಅಳಿಸಿಹೋಯಿತು. ಇಲ್ಲಿ ಹೆಚ್ಚಾಗಿ ಕಾಣುವುದು ಕಲ್ಲುನೆಲ, ಹಳದಿ ಬಂಡೆಯ ಹಾಸು, ಒಣಗಿದ ಹುಲ್ಲು, ಎಕ್ಕದ ಗಿಡ, ದೂರದಲ್ಲೊಂದು ಮರ, ಅದರ ನೆರಳಿನಲ್ಲಿ ಕುರಿಮಂದೆ.

ಮೊದಲು ಹೋದದ್ದು ಬಾಡ್ಮೇರ್ ರಸ್ತೆಯ ಆಕಲ್‌ಗೆ. ಊರಿನಿಂದ ಸುಮಾರು 17 ಕಿಲೋಮೀಟರ್. 21 ಹೆಕ್ಟೇರ್ ವಿಸ್ತಾರದ ಬೋಳು ಗುಡ್ಡದಲ್ಲಿ ಅಲ್ಲಲ್ಲಿ ಕಬ್ಬಿಣದ ಪಂಜರಗಳು, ಅವುಗಳೊಳಗೆ ಮರದ ದಿಮ್ಮಿಗಳು. ಹತ್ತಿರ ಹೋದರೆ ದಿಮ್ಮಿಯೆಲ್ಲ ಕಲ್ಲು. 18 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಇಲ್ಲಿ ಬೆಚ್ಚಗಿನ ತೇವದ ಕಾಡಿತ್ತು. ಉರುಳಿದ ಮರಗಳು ಮರಳು, ಕೆಸರಿನಡಿ ಹೂತುಹೋದವು. ನೀರಿನಲ್ಲಿ ಕರಗಿದ್ದ ಸಿಲಿಕಾ ಎಳೆ ಎಳೆಯಾಗಿ ಒಳಸೇರಿ ಮರದ ಜಾಗದಲ್ಲಿ ಕಲ್ಲು ಕೂತಿತು. ಅತಿ ಉದ್ದದ ದಿಮ್ಮಿ 13 ಮೀಟರಿಗೂ ಮಿಕ್ಕಿದೆ. ಎಳೆಗಳ ನೇಯ್ಗೆ, ಗಂಟುಗಳು ಹಾಗೇ ಉಳಿದಿವೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ, ಆದರೆ ನಾವಿದ್ದ ಅಷ್ಟು ಹೊತ್ತೂ ಅಲ್ಲಿ ಬೇರೆ ಯಾರೂ ಬರಲಿಲ್ಲ.

ಆ ಕಾಡಿನ ನಂತರ ಇಲ್ಲಿ ಸಮುದ್ರ ನುಗ್ಗಿತು. ಜೈಸಲ್ಮೇರಿನ ಸುತ್ತಮುತ್ತಲ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಚಿಪ್ಪುಗಳು ಹೇರಳವಾಗಿ ಸಿಗುತ್ತವೆ. ಹಾಬೂರ್ ಎಂಬ ಹಳ್ಳಿಯ ಕಲ್ಲಂತೂ ಪಳೆಯುಳಿಕೆಗಳಿಂದಲೇ ತುಂಬಿದೆ. ಅದರ ಬಟ್ಟಲಲ್ಲಿ ಹಾಲಿಟ್ಟರೆ ಹೆಪ್ಪಿಲ್ಲದೆಯೇ ಮೊಸರಾಗುತ್ತದೆ ಎಂಬುದು ಸ್ಥಳೀಯರ ನಂಬಿಕೆ, ಕೋಟೆಯ ಅಂಗಡಿಗಳಲ್ಲಿ ಮಾರಾಟಕ್ಕೂ ಇವೆ. ಇದೇ ಸೀಮೆಯ ಬಂಡೆಗಳಲ್ಲಿ ಸಿಕ್ಕ ಡೈನೋಸಾರ್ ಒಂದಕ್ಕೆ 2023ರಲ್ಲಿ ಥಾರೋಸಾರಸ್ ಎಂದು ಹೆಸರಿಟ್ಟರು. ಸಸ್ಯಾಹಾರಿ, 16.7 ಕೋಟಿ ವರ್ಷ ಹಳೆಯದು. ಆಕಲ್ ನೋಡಿಬಂದ ಮೇಲೆ ಹವೇಲಿಯ ಕೆತ್ತನೆಗಿಂತ ಕೆತ್ತನೆಯಿಲ್ಲದ ಗೋಡೆಯ ಕಲ್ಲುಗಳನ್ನೇ ಹೆಚ್ಚು ಹೊತ್ತು ನೋಡತೊಡಗಿದೆ.

ಊರಿನ ನೈರುತ್ಯಕ್ಕೆ ಕುಲಧರಾ. ಇಲ್ಲಿ ಮಾತ್ರ ಜನವೋ ಜನ, ದೆವ್ವದ ಊರೆಂದು ಹೆಸರಾಗಿದೆಯಲ್ಲ! ಜೈಸಲ್ಮೇರಿನ ದಿವಾನ ಸಾಲಿಂ ಸಿಂಗ್‌ನ ಕಾಟ ತಾಳಲಾರದೆ ಪಾಲಿವಾಲ ಬ್ರಾಹ್ಮಣರು 84 ಹಳ್ಳಿಗಳನ್ನು ಒಂದೇ ರಾತ್ರಿಯಲ್ಲಿ ತೊರೆದು, ಇಲ್ಲಿ ಇನ್ನಾರೂ ನೆಲೆಸದಿರಲಿ ಎಂದು ಶಾಪವಿಟ್ಟರಂತೆ. ಬಂದವರೆಲ್ಲ ಈ ಕಥೆ ಕೇಳಿ, ಒಂದು ವಿಡಿಯೊ ಮಾಡಿಕೊಂಡು ಹೋಗುತ್ತಾರೆ. ಕುಲಧರಾ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬರಿದಾದದ್ದು ನಿಜ. ಆದರೆ ಶಾಸನ, ದಾಖಲೆಗಳನ್ನು ಓದಿದ ಸಂಶೋಧಕರು ಬೊಟ್ಟು ಮಾಡುವುದು ಬತ್ತುತ್ತಾ ಬಂದ ಬಾವಿಗಳತ್ತ, ಹೊರಲಾಗದ ಕಂದಾಯದತ್ತ. ನೀರು ಕಮ್ಮಿಯಾಗುತ್ತಿದ್ದ ನೆಲದಲ್ಲಿ ತೆರಿಗೆ ಮಾತ್ರ ಹೆಚ್ಚುತ್ತಾ ಹೋದರೆ ಯಾವ ರೈತ ತಾನೇ ಉಳಿದಾನು? ನನಗೆ ದೆವ್ವದ ಕಥೆಗಿಂತ ಇದೇ ಹೆಚ್ಚು ಸಂಕಟದ್ದಾಗಿ ಕಂಡಿತು.

ನೇರವಾದ ಬೀದಿಗಳು, ಸೂರು ಹಾರಿಹೋದ ಕಲ್ಲುಮನೆಗಳು, ಅಂಗಳ, ಗುಡಿ. ಎಲ್ಲ ನೋಡಿಯಾದ ಮೇಲೆ ಕಾರಿನ ಚಾಲಕರನ್ನು ಖಡೀನ್, ಅಂದರೆ ಒಡ್ಡು ಹಾಕಿ ಮಳೆನೀರು ತಡೆದು ಬೆಳೆಯುವ ಹೊಲ, ತೋರಿಸಿ ಎಂದು ಕೇಳಿದೆವು. ಇಷ್ಟು ಹೊತ್ತು ಸುಮ್ಮನಿದ್ದವರು ಒಮ್ಮೆಲೇ ಹುರುಪಾದರು. ಅವರ ಮನೆಯವರೂ ಖಡೀನ್‌ನಲ್ಲಿ ಉಳುವವರಂತೆ. ಹೆದ್ದಾರಿ ಬಿಟ್ಟು ಮಣ್ಣುದಾರಿಯಲ್ಲಿ ಸಾಗಿ, ಒಂದು ಉದ್ದನೆಯ ಒಡ್ಡಿನ ಮೇಲೆ ನಮ್ಮನ್ನು ನಿಲ್ಲಿಸಿದರು.

ಒಂದು ಬದಿಗೆ ಬೋಳು ಕಲ್ಲಿನ ಇಳಿಜಾರು. ಇನ್ನೊಂದು ಬದಿಗೆ ಏನೂ ಇಲ್ಲ. ಒಡ್ಡಿನ ಒಳಗಡೆಯ ತಗ್ಗಿನಲ್ಲಿ ಮಾತ್ರ ಹಚ್ಚನೆಯ ಕಡಲೆ, ಅದರಾಚೆ ಗೋಧಿ. ವರ್ಷಕ್ಕೆ 200 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಾಗವಿದು. ಬಿದ್ದ ನೀರನ್ನು ಕಲ್ಲುನೆಲ ಹೀರುವುದಿಲ್ಲ, ಇಳಿಜಾರಿಗೆ ಹರಿಸಿಬಿಡುತ್ತದೆ. ಪಾಲಿವಾಲರು ಹಿಡಿದದ್ದು ಅದನ್ನೇ. ಇಳಿಜಾರಿನ ತಳದಲ್ಲಿ ಮಣ್ಣಿನ ಒಡ್ಡು ಹಾಕಿ, ಹೆಚ್ಚಾದದ್ದು ಹೋಗಲು ಕೋಡಿ ಬಿಟ್ಟರು. ಮಳೆಗಾಲದಲ್ಲಿ ನೀರು ನಿಂತು, ಇಂಗಿ, ಜೊತೆಗೆ ಹೂಳನ್ನೂ ಬಿಟ್ಟುಹೋಗುತ್ತದೆ. ಮಣ್ಣಿನ ಉಪ್ಪು ಕೆಳಗಿಳಿಯುವುದರಿಂದ ಜವುಳಿನ ಬಾಧೆಯಿಲ್ಲ. ನೀರು ತಗ್ಗಿದ ಮೇಲೆ ಹಿಂಗಾರಿಗೆ ಬಿತ್ತಿದರೆ ಕೊಯ್ಲಿನವರೆಗೆ ಮತ್ತೆ ನೀರು ಹಾಯಿಸಬೇಕಾಗಿಲ್ಲ. ವಿಜಯಪುರದ ಎರೆಹೊಲದಲ್ಲಿ ಬರೀ ತೇವದ ಮೇಲೆ ಜೋಳ ಬೆಳೆಯುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಒಡ್ಡಿನ ಕೆಳಗೆ ಬಾವಿ ತೋಡುತ್ತಾರೆ, ಇಂಗಿದ ನೀರು ಅಲ್ಲಿ ಸಿಹಿಯಾಗಿ ಸಿಗುತ್ತದೆ. ಒಡ್ಡು ಹಾಕಿದ ಪಾಲಿವಾಲರು ಊರು ಬಿಟ್ಟು ಇನ್ನೂರು ವರ್ಷವಾಗುತ್ತಾ ಬಂತು, ಅವರ ವಿದ್ಯೆಯನ್ನು ಇವತ್ತಿಗೂ ಜನ ಉಣ್ಣುತ್ತಿದ್ದಾರೆ. ಕುಲಧರಾಕ್ಕೆ ಹೋಗುವವರು ಅರ್ಧ ಗಂಟೆ ಇಲ್ಲಿಗೂ ಮೀಸಲಿಡಬೇಕು.

ಒಡ್ಡಿನ ತುದಿಯಲ್ಲಿದ್ದ ಖೇಜಡಿ ಮರವನ್ನು ನೋಡಿದ ಕೂಡಲೇ ನನ್ನ ಹೆಂಡತಿ ಗುರುತು ಹಿಡಿದಳು: ಬನ್ನಿ! ವಿಜಯದಶಮಿಗೆ ನಾವು ಎಲೆ ಹಂಚಿಕೊಳ್ಳುವ ಅದೇ ಮರ. ಇಲ್ಲಿ ಅದು ಹೊಟ್ಟೆಗೂ ಬೇಕು. ಎಳೆಗಾಯಿ ಸಾಂಗರಿ ಒಣಗಿಸಿಟ್ಟರೆ ವರ್ಷವಿಡೀ ಪಲ್ಯ, ಎಲೆ ಆಡಿಗೆ, ಒಂಟೆಗೆ ಮೇವು. ಬೇರು ಬಹಳ ಆಳಕ್ಕಿಳಿಯುವುದರಿಂದ ಅದರ ಕೆಳಗೇ ಸಜ್ಜೆ ಬಿತ್ತುತ್ತಾರೆ. 1983ರಿಂದ ಅದು ರಾಜಸ್ಥಾನದ ರಾಜ್ಯವೃಕ್ಷ.

ವಾಯವ್ಯದ ಲೋಧ್ರವಾ, 1156ರಲ್ಲಿ ರಾವಲ್ ಜೈಸಲ್ ಕೋಟೆ ಕಟ್ಟುವ ಮೊದಲು ಭಾಟಿ ರಜಪೂತ ಅರಸರ ರಾಜಧಾನಿ. ರಾಜಧಾನಿಯ ಗುರುತು ಹೆಚ್ಚೇನೂ ಉಳಿದಿಲ್ಲ. 1615ರಲ್ಲಿ ಮರುನಿರ್ಮಾಣಗೊಂಡ ಪಾರ್ಶ್ವನಾಥ ಬಸದಿಯ ತೋರಣ ಮತ್ತು ಕಲ್ಲಿನ ಜಾಲಂಧ್ರಗಳಿಗಾಗಿಯಾದರೂ ಹೋಗಬೇಕು. ದಾರಿಯಲ್ಲೇ ಬಡಾ ಬಾಗ್, ರಾಜರ ನೆನಪಿಗೆ ಕಟ್ಟಿದ ಛತ್ರಿ ಮಂಟಪಗಳ ಸಾಲು. ಅದರ ಹಿಂದೆ ಗಾಳಿಯಂತ್ರಗಳ ಕಾಡು.

ಆ ಗಾಳಿಯಂತ್ರಗಳ ಪೂರ್ಣ ಅರ್ಥ ತಿಳಿದದ್ದು ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ. 3,162 ಚದರ ಕಿಲೋಮೀಟರ್ ವಿಸ್ತಾರದ ಈ ರಕ್ಷಿತ ಪ್ರದೇಶದಲ್ಲಿ ಹಳ್ಳಿಗಳೂ ಇವೆ, ಮರಳುದಿಬ್ಬಗಳು ಒಂದು ಪಾಲು ಮಾತ್ರ. ಸೂರ್ಯ ಹುಟ್ಟುವ ಮೊದಲೇ ಉದ್ಯಾನದೊಳಗಿನ ಸುದಾಸರಿ ತಲುಪಿದೆವು. ಚಿಂಕಾರಗಳು ಹತ್ತಿರದಲ್ಲೇ ಮೇಯುತ್ತಿದ್ದವು, ಮರುಭೂಮಿ ನರಿಯೊಂದು ನಮ್ಮನ್ನು ಲೆಕ್ಕಿಸದೆ ದಾಟಿಹೋಯಿತು. ತುಂಬ ಹೊತ್ತಾದ ಮೇಲೆ ಮಾರ್ಗದರ್ಶಿ ಕೈಸನ್ನೆ ಮಾಡಿದರು. ಸೇವಣ್ ಹುಲ್ಲಿನ ನಡುವೆ ಬಿಳಿ ಕತ್ತು, ಕಪ್ಪು ನೆತ್ತಿ: ಗೋಡಾವಣ್, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಎರೆಭೂತ. ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿರುವ ಹಕ್ಕಿಯನ್ನು ಇಷ್ಟು ದೂರ ಬಂದು ನೋಡಿದೆ. ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲೊಂದು.

ಜಗತ್ತಿನಲ್ಲಿ ಉಳಿದಿರುವುದು 150ಕ್ಕೂ ಕಡಿಮೆ, ಬಹುಪಾಲು ಈ ಜಿಲ್ಲೆಯಲ್ಲೇ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ, ಅದೂ ಬರೀ ನೆಲದ ಮೇಲೆ. ಕಣ್ಣು ಪಕ್ಕಕ್ಕಿರುವುದರಿಂದ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಕಂಡರೂ ಭಾರದ ಮೈಯನ್ನು ತಟ್ಟನೆ ತಿರುಗಿಸಲಾಗದೆ, ಗಾಳಿಯಂತ್ರಗಳಂಥವುಗಳ ವಿದ್ಯುತ್ ಒಯ್ಯುವ ತಂತಿಗೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಒಯ್ಯಲು ಆದೇಶಿಸಿತು, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸಮ್‌ನಲ್ಲಿ 2019ರಿಂದ ಮೊಟ್ಟೆಗಳನ್ನು ತಂದು ಮರಿಮಾಡಿಸುತ್ತಿದ್ದಾರೆ. ಮರಿಗಳು ಬೆಳೆಯುತ್ತಿರುವುದು ದೊಡ್ಡ ನೆಮ್ಮದಿ, ಆದರೆ ಅವುಗಳನ್ನು ಬಿಡಲು ತಂತಿಯಿಲ್ಲದ ಬಯಲು ಬೇಕಲ್ಲ?

ಸೌರ, ಪವನ ವಿದ್ಯುತ್ ಬೇಡವೆನ್ನಲು ನನಗೆ ಮನಸ್ಸಿಲ್ಲ. ಬೇಸರ ತರಿಸುವುದು ಈ ನೆಲವನ್ನು ಖಾಲಿ ಎಂದು ಬಗೆಯುವ ರೀತಿ. ಇಲ್ಲಿಯ ದೇವರಕಾಡುಗಳಾದ ಓರಣ್‌ಗಳಲ್ಲಿ ಜನ ತಲೆಮಾರುಗಳಿಂದ ಒಂದು ರೆಂಬೆ ಕಡಿದವರಲ್ಲ. ಅವುಗಳಲ್ಲಿ ಎಷ್ಟೋ ಕಡತದಲ್ಲಿ ಪಾಳು ಜಮೀನು. ದೇಗರಾಯ್ ಓರಣ್ ಉಳಿಸಿಕೊಳ್ಳಲು ಊರವರು ಕಾಲ್ನಡಿಗೆ ಜಾಥಾ ಮಾಡಿದ್ದಾರೆ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾರೆ.

ಹೋಗುವವರಿಗೆ: ನವೆಂಬರಿನಿಂದ ಫೆಬ್ರವರಿ ಸರಿಯಾದ ಕಾಲ, ಖಡೀನ್ ಹಸಿರಾಗಿರುವುದೂ ಆಗಲೇ. ಮುಂಜಾನೆಯ ಚಳಿಗೆ ದಪ್ಪ ಸ್ವೆಟರ್, ಹಕ್ಕಿಗಾಗಿ ದುರ್ಬೀನು ಬೇಕೇ ಬೇಕು. ಆಕಲ್‌ನಲ್ಲಿ ಒಂದು ಚೂರು ಕಲ್ಲನ್ನೂ ಎತ್ತಿಕೊಳ್ಳಬೇಡಿ. ಸುದಾಸರಿಯಲ್ಲಿ ಗೋಡಾವಣ್ ಕಂಡರೆ ಫೋಟೊ ಆಸೆಗೆ ಗಾಡಿಯನ್ನು ಹತ್ತಿರ ಒಯ್ಯುವಂತೆ ಮಾರ್ಗದರ್ಶಿಯನ್ನು ಒತ್ತಾಯಿಸಬೇಡಿ. ಸ್ಥಳೀಯ ಚಾಲಕರನ್ನೇ ಗೊತ್ತುಮಾಡಿಕೊಂಡು, ಅವರ ಹೊಲದ ಬಗ್ಗೆ ಕೇಳಿ.