ಕುಡಿ ಚಿವುಟಲು ಕಲಿಸಿದ ಮಾಸ್ತರು

ನಮ್ಮ ವಿಜ್ಞಾನದ ಮಾಸ್ತರು ತೀರಿಕೊಂಡ ಸುದ್ದಿ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬಂತು. ಅವತ್ತು ಸಂಜೆ ಒಬ್ಬ ಬರೆದ: "ನಾವು ಕಷ್ಟದಾಗ ಓದಿದ್ವಿ, ಅದಕ್ಕೇ ಗಟ್ಟಿ ಆದ್ವಿ. ಈಗಿನ ಹುಡುಗರಿಗೆ ಕಷ್ಟನೇ ಗೊತ್ತಿಲ್ಲ." ಎಲ್ಲರೂ ಹೌದು ಹೌದು ಎಂದರು. ಮಾಸ್ತರು ಇದ್ದಿದ್ದರೆ ಆ ಮಾತನ್ನು ಸುಮ್ನೆ ಬಿಡುತ್ತಿರಲಿಲ್ಲ. ಎಷ್ಟು ಕಷ್ಟ, ಯಾವಾಗ, ಯಾರಿಗೆ ಎಂದು ಒಂದೊಂದಾಗಿ ಕೇಳುತ್ತಿದ್ದರು.

ತೊಂಬತ್ತರ ದಶಕದ ಶುರುವಿನ ಮಾತು. ಸೇಡಂ ಕಡೆಯ ನಮ್ಮ ಹೈಸ್ಕೂಲಿಗೆ ಮೇಲೆ ತಗಡು, ಕೆಳಗೆ ಫರ್ಸಿ ಕಲ್ಲು. ಮಾರ್ಚ್ ಬಂತೆಂದರೆ ತಗಡಿನ ಕೆಳಗೆ ಕೂರುವುದೇ ಒಂದು ಪರೀಕ್ಷೆ. ಹಳ್ಳಿಗಳಿಂದ, ತಾಂಡಾಗಳಿಂದ ನಡೆದೇ ಬರುತ್ತಿದ್ದೆವು. ಡಬ್ಬಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಪುಸ್ತಕದ ಪಾಠ ಏನೇನಿತ್ತು ಎಂದು ಈಗ ಕೇಳಿದರೆ ಹೇಳಲಾರೆ. ಮಾಸ್ತರು ಪುಸ್ತಕ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋದ ದಿನಗಳು ಮಾತ್ರ ಹಾಗೇ ಉಳಿದಿವೆ.

ಒಮ್ಮೆ ಊರ ಕುಲುಮೆಗೆ ಕರೆದೊಯ್ದರು. ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು ಮಾಡುತ್ತಿದ್ದರು. ಕೆಂಪಗೆ ಕಾಯಿಸಿ, ಬಾಯಿಯಷ್ಟನ್ನೇ ನೀರಿಗೆ ಇಳಿಸಿ ತೆಗೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. "ಇಲ್ಲ, ಈಗ ನೋಡ್ರಿ" ಎಂದರು ಮಾಸ್ತರು. ಕಮ್ಮಾರರು ಕಲ್ಲಿನ ತುಂಡಿನಿಂದ ಬಾಯಿಯನ್ನು ಗರಗರ ಉಜ್ಜಿ ಬೆಳ್ಳಗೆ ಮಾಡಿದರು. ಬೆನ್ನಿನಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಬಾಯಿಯ ಕಡೆ ಇಳಿಯತೊಡಗಿತು. ಆ ಹೊಳಪಿನ ಮೇಲೆ ಮೊದಲು ತೆಳು ಹಳದಿ ಹರಿದು ಬಂತು. ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ. ಹಳದಿ ಅಂಚು ಮುಟ್ಟಿ ಕಂದಿಗೆ ತಿರುಗುವಷ್ಟರಲ್ಲಿ ಕುಡುಗೋಲು ಪೂರ್ತಿ ನೀರೊಳಗೆ ಹೋಯಿತು.

"ಮೊದಲನೇ ಸಲ ಅದ್ದಿದಾಗಲೇ ಗಟ್ಟಿ ಆಗಿತ್ತು," ಎಂದರು ಮಾಸ್ತರು. "ಹಂಗೇ ಬಿಟ್ಟಿದ್ರ ಹೊಲದಾಗ ಕಲ್ಲಿಗೆ ತಾಗಿದ ಕೂಡ್ಲೇ ಬಾಯಿ ಚಕ್ಕೆ ಏಳ್ತಿತ್ತು. ಬರೀ ಗಟ್ಟಿ ಆದ್ರ ಸಾಲಂಗಿಲ್ಲಪ್ಪ, ತಾಳಬೇಕು."

ಶಾಲೆಯ ಹಿಂದೆ ಅವರದೊಂದು ಸಣ್ಣ ತೊಗರಿ ಹೊಲ ಇತ್ತು. ಹೊಲ ಎಂದರೆ ನಾಲ್ಕಾರು ಸಾಲು, ಅಷ್ಟೇ. ಬಿತ್ತಿ 45-50 ದಿನ ಆದಾಗ ಒಂದು ಸಾಲು ಬಿಟ್ಟು ಒಂದು ಸಾಲಿನ ಕುಡಿ ಚಿವುಟಿಸಿದರು. ನಮಗೆ ಜೀವ ಚುರ್ ಎಂದಿತು. ಚೆನ್ನಾಗಿ ಬೆಳೆಯುವ ಗಿಡದ ತಲೆ ಯಾಕೆ ಮುರಿಯಬೇಕು? ಕೆಲವು ವಾರ ಕಳೆದ ಮೇಲೆ ಉತ್ತರ ಸಿಕ್ಕಿತು. ಚಿವುಟಿದ ಗಿಡಗಳು ಪಕ್ಕಕ್ಕೆ ಟೊಂಗೆ ಹೊಡೆದು ಪೊದೆಯಾಗಿದ್ದವು. ಚಿವುಟದವು ಎತ್ತರಕ್ಕೆ ಸೊರಗಿ ನಿಂತಿದ್ದವು. ಟೊಂಗೆ ಜಾಸ್ತಿ ಆದರೆ ಹೂವು ಜಾಸ್ತಿ, ಕಾಯಿ ಜಾಸ್ತಿ. ಆಗ ಒಬ್ಬ ಹುಡುಗ ಉಳಿದ ಸಾಲುಗಳನ್ನೂ ಚಿವುಟಲು ಹೊರಟ. ಅಷ್ಟರಲ್ಲಿ ಅವು ಹೂವಿಗೆ ಬಂದಿದ್ದವು. ಮಾಸ್ತರು ಓಡಿ ಬಂದು ಅವನ ಕೈ ಹಿಡಿದರು. "ಈಗ ಚಿವುಟಿದ್ರ ಹೂವೇ ಹೋಗ್ತದಲೇ! ಅವತ್ತು ಮಾಡಿದ್ದು ಉಪಕಾರ, ಇವತ್ತು ಮಾಡಿದ್ರ ಅನ್ಯಾಯ." ಇವತ್ತು ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಕುಡಿ ಚಿವುಟುವುದಕ್ಕೆ ಬ್ಯಾಟರಿ ಯಂತ್ರಗಳೇ ಬಂದಿವೆ. ಆ ಕಾಲಕ್ಕೆ ನಮ್ಮೂರಲ್ಲಿ ಅದನ್ನು ಮಾಡಿ ತೋರಿಸಿದವರು ನಮ್ಮ ಮಾಸ್ತರು.

ಅದೇ ತೊಗರಿ ಸಾಲುಗಳಲ್ಲಿ ನೆಟೆ ರೋಗವೂ ಬಂತು. ನೆಲದಲ್ಲಿ ಹಸಿ ಇದ್ದರೂ ಗಿಡ ನಿಂತಲ್ಲೇ ಬಾಡುತ್ತದೆ. ಮಾಸ್ತರು ಬಾಡಿದ ಗಿಡದ ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸಿದರು. ಮಣ್ಣಿನ ಶಿಲೀಂಧ್ರ ಬೇರಿನಿಂದ ಹತ್ತಿ ನೀರಿನ ದಾರಿ ಕಟ್ಟಿಬಿಡುತ್ತದೆ. ಇದಕ್ಕೆ ಮದ್ದು ಹುಡುಕುವವರು ಏನು ಮಾಡುತ್ತಾರೆ ಎಂದೂ ಹೇಳಿದರು. ಹೈದರಾಬಾದ್ ಹತ್ತಿರದ ಪಟಂಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಬೇಕೆಂತಲೇ ರೋಗದ ಮಣ್ಣಿರುವ ಹೊಲ ಇಟ್ಟುಕೊಂಡು, ಅದರಲ್ಲೇ ನೂರಾರು ಬಗೆಯ ತೊಗರಿ ಬಿತ್ತುತ್ತಾರೆ. ಸಾಯುವವು ಸಾಯುತ್ತವೆ. ಬದುಕಿದವುಗಳ ಬೀಜ ತೆಗೆಯುತ್ತಾರೆ. ನಮ್ಮ ರೈತರು ಬಿತ್ತುವ ಮಾರುತಿ ತೊಗರಿ ನೆಟೆ ತಡೆಯುವ ತಳಿ.

ಹಾಗಾದರೆ ಕಷ್ಟ ಗಿಡವನ್ನು ಗಟ್ಟಿ ಮಾಡಿತು ಅಲ್ವಾ ಸರ್, ಎಂದು ನಾನು ಕೇಳಿದೆ. ಮಾಸ್ತರು ಬಾಡಿದ ಗಿಡಗಳ ಕಡೆ ಕೈ ತೋರಿಸಿದರು. "ಇವು ಗಟ್ಟಿ ಆದವೇನು? ಉಳಿದವು ಮೊದಲೇ ಗಟ್ಟಿ ಇದ್ದವು. ಬೀಜದ ಲೆಕ್ಕದಾಗ ಇದು ನಡೀತದ. ಮಕ್ಕಳ ಲೆಕ್ಕದಾಗ ನಡೆಯಂಗಿಲ್ಲ."

ಆ ಮಾತಿನ ಹಿಂದೆ ಒಬ್ಬ ಹುಡುಗ ಇದ್ದ. ನಮ್ಮ ಜೊತೆ ಒಂಬತ್ತನೇ ಕ್ಲಾಸಿನಲ್ಲಿದ್ದ, ತಾಂಡಾದವನು. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಆ ವರ್ಷ ಮಳೆ ಕೈಕೊಟ್ಟಿತು, ಮನೆಯವರು ಪುಣೆಗೆ ಗುಳೆ ಹೋದರು, ಅವನೂ ಹೋದ. ಮಾಸ್ತರು ತಾಂಡಾಕ್ಕೆ ಸೈಕಲ್ ತುಳಿದುಕೊಂಡು ಹೋಗಿ ಅವನ ಅಜ್ಜಿಯನ್ನು ಕಂಡು, ಹುಡುಗನನ್ನು ವಾಪಸ್ ಕರೆಸಿ, ಹಾಸ್ಟೆಲಿಗೆ ಸೇರಿಸಲು ಓಡಾಡಿದರು. ಆಗಲಿಲ್ಲ. ನಾವು ವಾಟ್ಸಾಪ್‌ನಲ್ಲಿ "ಗಟ್ಟಿ ಆದ್ವಿ" ಎನ್ನುವಾಗ ಆ ಗುಂಪಿನಲ್ಲಿ ಅವನಿಲ್ಲ. ಅವನ ನಂಬರೇ ಯಾರ ಹತ್ತಿರವೂ ಇಲ್ಲ.

ಇನ್ನು ನಮ್ಮ ಹೆಡ್ ಮಾಸ್ತರು. ಅವರು ಬೇರೆಯೇ ತರಹದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಡಿಮೆ ಮಾತು. ಬೋರ್ಡಿನ ಮೇಲೆ ಅವರದೊಂದು ನಿಯಮ ಇತ್ತು: "ಶಾಲೆಯ ವೇಳೆಯಲ್ಲಿ ಯಾರೂ ಗೇಟ್ ದಾಟಬಾರದು." ಹಿಂದಿನ ಗೋಡೆ ಬಿದ್ದು ಒಂದು ಕಿಂಡಿ ಆಗಿತ್ತು. ಅದರಾಚೆ ಬಾರಿ ಹಣ್ಣಿನ ಗಿಡ. ನಾವು ಐದಾರು ಜನ ಕಿಂಡಿಯಿಂದ ಹೋಗಿ, ಜೇಬು ತುಂಬಿಕೊಂಡು ಬರುವಾಗ ಸಿಕ್ಕಿಬಿದ್ದೆವು. ಆಫೀಸಿನಲ್ಲಿ ಎಲ್ಲರೂ ತಲೆ ತಗ್ಗಿಸಿದರು. ನಾನು ಮಾತ್ರ ಹೇಳಿದೆ: "ನಾವು ಗೇಟ್ ದಾಟಿಲ್ರಿ ಸರ್. ಗೇಟಿನ ಕಡೆ ಹೋಗೇ ಇಲ್ಲ."

ಹೊಡೆಯುತ್ತಾರೆ ಎಂದುಕೊಂಡೆವು. ಅವರು ಎದ್ದು ಹೊರಗೆ ಹೋಗಿ "ಗೇಟ್" ಅಳಿಸಿ "ಆವರಣ" ಎಂದು ಬರೆದರು. ಆಮೇಲೆ ಒಬ್ಬ ಹುಡುಗಿಗೆ ಜ್ವರ ಬಂದು ಮನೆಗೆ ಕಳಿಸಬೇಕಾಯಿತು. "ಅನುಮತಿ ಇಲ್ಲದೆ" ಎಂಬುದು ಸೇರಿತು. ವರ್ಷ ಮುಗಿಯುವಷ್ಟರಲ್ಲಿ ಆ ಒಂದು ಸಾಲಿನಲ್ಲಿ ನುಸುಳಲು ಜಾಗವೇ ಉಳಿದಿರಲಿಲ್ಲ. ಬಾರಿ ಹಣ್ಣಿಗೆ ಶಿಕ್ಷೆಯಾಗಿ ನಾವು ಕಲ್ಲು ಹೊತ್ತು ಆ ಕಿಂಡಿಯನ್ನೂ ಮುಚ್ಚಿದೆವು. ಹೆಡ್ ಮಾಸ್ತರು ಪ್ರಾರ್ಥನೆಯಲ್ಲಿ ಒಮ್ಮೆ ಹೇಳಿದ್ದರು, ನಮ್ಮ ಸಂವಿಧಾನಕ್ಕೂ ಮೊದಲ ತಿದ್ದುಪಡಿ ಬಂದದ್ದು 1951ರಲ್ಲೇ, ಜಾರಿಯಾದ ಮರುವರ್ಷವೇ ಎಂದು. 2012ರ 98ನೇ ತಿದ್ದುಪಡಿಯಿಂದ ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಬಂದಾಗ ಅವರ ನೆನಪಾಯಿತು. ನನ್ನ ಮಗಳಿಗೆ ಸೀಟು ಸಿಕ್ಕಿದ್ದು ಅದರಿಂದಲೇ.

ನಾನು ಈಗ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದ ಮುಖ್ಯಸ್ಥ. ಸುರಕ್ಷತೆಯ ಹೊಸ ನಿಯಮ ಬರೆದಾಗಲೆಲ್ಲ ಮೊದಲು ಹಳೆಯ ಕಾರ್ಮಿಕರಿಗೆ ಕೊಟ್ಟು, "ಇದನ್ನ ಹ್ಯಾಂಗ ತಪ್ಪಿಸ್ತೀರಿ ಹೇಳ್ರಿ" ಎನ್ನುತ್ತೇನೆ. ನಾನು ಬರೆದ ನಿಯಮಗಳನ್ನು ಬೇರೆ ಘಟಕಗಳಲ್ಲೂ ಇಟ್ಟುಕೊಂಡಿದ್ದಾರೆ. ಅದರಲ್ಲಿ ಹೆಡ್ ಮಾಸ್ತರ ಪಾಲಿದೆ. ವಿಜ್ಞಾನದ ಮಾಸ್ತರ ಪಾಲು ದಿನಾ ಕಾಣುತ್ತದೆ. ಕಾಂಕ್ರೀಟಿನ ಗಟ್ಟಿಗಳನ್ನು 28 ದಿನ ನೀರಿನಲ್ಲಿಟ್ಟು ಆಮೇಲೆ ಯಂತ್ರದಲ್ಲಿ ಒಡೆದು ಬಲ ನೋಡುತ್ತೇವೆ. ಹೊಸ ಸ್ಲ್ಯಾಬನ್ನು ನಮ್ಮ ಮೇ ತಿಂಗಳ ಬಿಸಿಲಿಗೆ ಹಾಗೇ ಬಿಟ್ಟರೆ ನೀರು ಆರಿ ಬಿರುಕು ಬಿಡುತ್ತದೆ. ಮೊದಲ ವಾರ ಗೋಣಿ ಚೀಲ ಹೊದಿಸಿ ನೀರು ಹಾಕಬೇಕು. ಮುಂದೆ ಎಷ್ಟೋ ವರ್ಷ ಬಿಸಿಲು ತಾಳುವ ಬಲ ಬರುವುದು ಆ ನೆರಳಿನಲ್ಲೇ.

ಈಗಿನ ಶಾಲೆಗಳ ಬಗ್ಗೆ ನನಗೂ ದೂರಿದೆ. ಮಕ್ಕಳು ಮನೆ ಬಾಗಿಲಿಂದ ಬಸ್ಸಿಗೆ, ಬಸ್ಸಿಂದ ಕ್ಲಾಸಿಗೆ, ಕ್ಲಾಸಿಂದ ಟ್ಯೂಷನ್ನಿಗೆ. ಕೈಗೆ ಮಣ್ಣು ತಾಗುವುದಿಲ್ಲ. ನಿಯಮ ಯಾಕೆ ಹೀಗಿದೆ ಎಂದು ಕೇಳಿದರೆ ಮನೆಗೆ ಫೋನ್ ಹೋಗುತ್ತದೆ. ಆದರೆ ಅವರಿಗೆ ತಗಡಿನ ಚಾವಣಿ ವಾಪಸ್ ಕೊಡಿ ಎಂದು ನಾನು ಹೇಳಲಾರೆ. ಬಿಸಿ ಊಟ, ಸೈಕಲ್, ಹಾಸ್ಟೆಲ್ ಸೀಟು ನಮ್ಮ ಕಾಲದಲ್ಲಿ ಇದ್ದಿದ್ದರೆ ಆ ತಾಂಡಾದ ಹುಡುಗ ಇವತ್ತು ನನ್ನ ಕುರ್ಚಿಯಲ್ಲಿ ಇರುತ್ತಿದ್ದ. ನನಗೆ ಅನುಮಾನವಿಲ್ಲ.

ಈ ಲೇಖನ ಓದುವ ಈಗಿನ ಹೆಡ್ ಮಾಸ್ತರಲ್ಲಿ ಒಂದು ವಿನಂತಿ. ಶಾಲೆಯ ಹಿಂದಿನ ಜಾಗ ಖಾಲಿ ಬಿದ್ದಿದೆ ಎಂದು ಕೇಳಿದ್ದೇನೆ. ಮುಂಗಾರಿಗೆ ಮೊದಲು ಅದನ್ನು ಹಸನು ಮಾಡಿಸಿ, ಮಾಸ್ತರ ಹೆಸರಲ್ಲಿ ತೊಗರಿ ಸಾಲು ಮತ್ತೆ ಶುರು ಮಾಡಿ. ಬೀಜದ ಖರ್ಚು ನಮ್ಮ ಬ್ಯಾಚಿನದು. ಗುಳೆ ಹೋಗುವ ಮನೆಯ ಮಕ್ಕಳ ಪಟ್ಟಿ ಕೊಟ್ಟರೆ ಅವರು ಇಲ್ಲೇ ಉಳಿದು ಓದಲು ಏನು ಬೇಕೋ ಅದನ್ನೂ ನಾವು ನೋಡಿಕೊಳ್ಳುತ್ತೇವೆ. ಹೇಳಿ ಕಳಿಸಿ, ಬಂದು ಮಾತಾಡುತ್ತೇವೆ.